ಮತ್ತೆ ಮತ್ತೆ ಹೊತ್ತುವ ಹಳದಿ ದೀಪ: ಡೀಸೆಲ್‌ನಲ್ಲಿ ನೀರು ಎಲ್ಲಿಂದ ಬಂತು?



ನಮ್ಮ ಸೀಮೆಯಲ್ಲಿ ಡೀಸೆಲ್ ಇಲ್ಲದೆ ಒಂದು ದಿನವೂ ಸಾಗದು. ಅರಸೀಕೆರೆ ಕಡೆಯ ತೆಂಗಿನಕಾಯಿ ಮತ್ತು ಕೊಬ್ಬರಿ, ಹಳೇಬೀಡಿನ ಸುತ್ತಿನ ಆಲೂಗಡ್ಡೆ, ಬೇಲೂರು ಕಡೆಯ ಕಾಫಿ, ಮೆಣಸು, ಶುಂಠಿ ಎಲ್ಲವೂ ಲಾರಿ ಹತ್ತಿಯೇ ಹೊರಗೆ ಹೋಗಬೇಕು. ನಮ್ಮ ತರಗತಿಯಲ್ಲೇ ಲಾರಿ ಓಡಿಸೋರ ಮಕ್ಕಳಿದ್ದಾರೆ, ಟ್ರಾಕ್ಟರ್ ಇಟ್ಟಿರೋರ ಮಕ್ಕಳಿದ್ದಾರೆ, ಗ್ಯಾರೇಜಿನಲ್ಲಿ ಕೆಲಸ ಮಾಡೋರ ಮಕ್ಕಳೂ ಇದ್ದಾರೆ. ದೊಡ್ಡವರು ಕೂತು ಮಾತಾಡುವಾಗ ಈಗೀಗ ಒಂದು ದೂರು ಕೇಳಿ ಬರುತ್ತೆ: "ಫಿಲ್ಟರಿನ ನೀರು ಬಿಟ್ಟೆ, ದೀಪ ಆರಿತು. ಎರಡು ದಿನಕ್ಕೆ ಮತ್ತೆ ಹೊತ್ತಿಕೊಳ್ತು."

ಈ ಸಲದ ವಿಜ್ಞಾನ ಪಾಠ ಆ ದೀಪದ ಬಗ್ಗೆ. ಮೊದಲೇ ಒಂದು ಮಾತು ನೆನಪಿಟ್ಟುಕೊಳ್ಳಿ. ದೀಪ ನೀರು ಇದೆ ಅಂತ ಹೇಳುತ್ತದೆ, ನೀರು ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ಅದನ್ನು ನಾವೇ ಅಳೆದು, ಬರೆದಿಟ್ಟು, ಕಂಡುಹಿಡಿಯಬೇಕು.

ಎಣ್ಣೆ ಮೇಲೆ, ನೀರು ಕೆಳಗೆ

ದೇವಸ್ಥಾನದ ಗಾಜಿನ ದೀಪ ನೋಡಿದ್ದೀರಲ್ಲ? ಕೆಳಗೆ ನೀರು ಹಾಕಿ, ಮೇಲೆ ಎಣ್ಣೆ ಬಿಟ್ಟು, ಬತ್ತಿ ಹಚ್ಚುತ್ತಾರೆ. ಎಣ್ಣೆ ಹಗುರ, ನೀರು ಭಾರ. ಎಣ್ಣೆ ತೀರಿ ಬತ್ತಿಗೆ ನೀರು ತಾಗಿದ ಕೂಡಲೇ ಚಟಪಟ ಅಂದು ದೀಪ ಆರುತ್ತೆ.

ಲಾರಿಯ ಟ್ಯಾಂಕಿನಲ್ಲೂ ಅದೇ ನಿಯಮ. ಒಂದು ಲೀಟರ್ ನೀರು 1 ಕಿಲೋ ತೂಗಿದರೆ ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಆದ್ದರಿಂದ ಡೀಸೆಲ್‌ಗೆ ಸೇರಿದ ನೀರು ನಿಧಾನವಾಗಿ ಇಳಿದು ತಳದಲ್ಲಿ ಕೂರುತ್ತೆ. ಇದನ್ನು ಬೇರ್ಪಡಿಸಲು ಟ್ಯಾಂಕಿಗೂ ಪಂಪಿಗೂ ನಡುವೆ ಒಂದು ಫಿಲ್ಟರ್ ಇರುತ್ತದೆ. ಅದರ ತಳದಲ್ಲಿ ಒಂದು ಬಟ್ಟಲು, ಬಟ್ಟಲಿನ ಕೆಳಗೆ ನೀರು ಬಿಡುವ ತಿರುಪು.

ಹಳೆಯ ಲಾರಿಗಳಲ್ಲಿ ದೀಪ ಇರಲಿಲ್ಲ. ಕ್ಲೀನರ್ ಹುಡುಗ ಬೆಳಗ್ಗೆ ತಿರುಪು ಸಡಿಲಿಸಿ ಒಂದಿಷ್ಟು ಬಿಟ್ಟರೆ ಆಯಿತು. ಈಗಿನ ಲಾರಿಗಳಲ್ಲಿ ಬಟ್ಟಲಿನೊಳಗೆ ಒಂದು ಸೆನ್ಸರ್ ಕೂತಿರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಎರಡು ಚಿಕ್ಕ ಲೋಹದ ಕಡ್ಡಿಗಳು. ಡೀಸೆಲ್‌ನಲ್ಲಿ ವಿದ್ಯುತ್ ಹರಿಯದು. ಟ್ಯಾಂಕಿನ ಕೊಳೆ, ಲವಣ ಕರಗಿರುವ ನೀರಿನಲ್ಲಿ ಹರಿಯುತ್ತೆ. ನೀರಿನ ಮಟ್ಟ ಏರಿ ಎರಡೂ ಕಡ್ಡಿಗಳನ್ನು ಮುಟ್ಟಿದಾಗ ಡ್ರೈವರ್ ಮುಂದೆ ದೀಪ ಹೊತ್ತುತ್ತದೆ. ಕೀಲಿ ತಿರುಗಿಸಿದಾಗ ಎರಡು ಮೂರು ಸೆಕೆಂಡ್ ಹೊತ್ತಿ ಆರಿದರೆ ಅದು ದೀಪದ ಸ್ವಂತ ಪರೀಕ್ಷೆ, ಗಾಬರಿ ಬೇಡ. ಆರದೆ ನಿಂತರೆ, ಅಥವಾ ಓಡುವಾಗ ಹೊತ್ತಿಕೊಂಡರೆ, ಅದು ಎಚ್ಚರಿಕೆ.

ಇಷ್ಟು ನೀರಿಗೆ ಅಷ್ಟೊಂದು ಭಯ ಯಾಕೆ?

ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪನಿಯ ಹೆಸರು ಕೇಳಿರುತ್ತೀರಿ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಹಳೇ ಮೆಕ್ಯಾನಿಕ್‌ಗಳು ಇವತ್ತಿಗೂ "ಮೈಕೋ ಪಂಪು" ಅಂತಲೇ ಅನ್ನುತ್ತಾರೆ. ಆ ಹಳೆಯ ಪಂಪುಗಳು ಡೀಸೆಲನ್ನು ಕೆಲವು ನೂರು ಬಾರ್ ಒತ್ತಡದಲ್ಲಿ ಚಿಮ್ಮಿಸುತ್ತಿದ್ದವು. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ 1600 ರಿಂದ 2000 ಬಾರ್‌ವರೆಗೆ ಹೋಗುತ್ತದೆ. ಲಾರಿ ಚಕ್ರದ ಗಾಳಿಯ ಒತ್ತಡ ಸುಮಾರು 8 ಬಾರ್. ಅಂದರೆ ಅದರ 200 ಪಟ್ಟು, ಇನ್ನೂ ಹೆಚ್ಚು!

ಇಷ್ಟು ಒತ್ತಡ ತಡೆಯಬೇಕಾದರೆ ಒಳಗಿನ ಭಾಗಗಳ ನಡುವಿನ ಸಂದು ಅತಿ ಸಣ್ಣದಿರಬೇಕು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಕೆಲವೇ ಭಾಗ. ನಮ್ಮ ತಲೆಕೂದಲಿನ ದಪ್ಪ ಅಂಥ ಸುಮಾರು 70 ಭಾಗ. ಅಂಥ ಸಂದಿಗೆ ನೀರು ನುಗ್ಗಿದರೆ ಮೂರು ಕೇಡು:

1. ಪಂಪಿಗೆ ಡೀಸೆಲ್ಲೇ ಜಾರುಎಣ್ಣೆ. ನೀರಿಗೆ ಆ ಗುಣ ಇಲ್ಲ. ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತೆ.
2. ತುಕ್ಕು ಹಿಡಿಯುತ್ತೆ. ತುಕ್ಕಿನ ಒಂದು ಕಣ ಸಾಕು, ಸಂದು ಕೆಡುತ್ತೆ.
3. ಇಂಜೆಕ್ಟರಿನ ಬಿಸಿ ತುದಿಯಲ್ಲಿ ನೀರು ತಟ್ಟನೆ ಆವಿಯಾಗಿ ಹಿಗ್ಗಿ, ತುದಿಗೆ ಪೆಟ್ಟು ಕೊಡಬಹುದು.

ಒಂದು ಇಂಜೆಕ್ಟರ್ ಬದಲಿಸಲು ಹತ್ತಾರು ಸಾವಿರ ರೂಪಾಯಿ. ನಾಲ್ಕೋ ಆರೋ ಇರುತ್ತವೆ. ಸಾಲ ಮಾಡಿ ಲಾರಿ ತಗೊಂಡ ಮನೆಗೆ ಇದು ಒಂದು ವರ್ಷದ ಶಾಲೆ ಫೀಸು, ಮನೆಯ ಮದುವೆ, ಏನೆಲ್ಲ ಆಗಬಹುದು. ಆದ್ದರಿಂದ ಆ ಚಿಕ್ಕ ದೀಪವನ್ನು ಉದಾಸೀನ ಮಾಡಬಾರದು.

ನೀರು ಬರುವ ಆರು ದಾರಿ

ಒಂದು, ಗಾಳಿಯ ತೇವ. ಡೀಸೆಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರುತ್ತದೆ. ರಾತ್ರಿ ಚಳಿಗೆ ಟ್ಯಾಂಕಿನ ಗೋಡೆ ತಣ್ಣಗಾಗಿ ಒಳಗೆ ಬೆವರು ಕಟ್ಟುತ್ತದೆ.

ಎರಡು, ಮಳೆ ಮತ್ತು ತೊಳೆಯುವ ನೀರು. ಮುಚ್ಚಳದ ರಬ್ಬರು ಸೀಳಿದ್ದರೆ, ಗಾಳಿ ಕೊಳವೆ ಬಿಚ್ಚಿಕೊಂಡಿದ್ದರೆ, ಟ್ಯಾಂಕಿನ ಮೇಲಿನ ಡೀಸೆಲ್ ಮಟ್ಟ ತೋರಿಸುವ ಸಾಧನದ ಸುತ್ತಿನ ವಾಷರು ಹೋಗಿದ್ದರೆ ನೀರು ನೇರ ಒಳಗೆ.

ಮೂರು, ಬಂಕಿನ ನೆಲದಡಿಯ ಟ್ಯಾಂಕು. ಅದಕ್ಕೆ ಮಳೆನೀರು ಇಳಿದಿದ್ದರೆ ನಮ್ಮ ಟ್ಯಾಂಕಿಗೂ ಬರುತ್ತೆ. ಇದನ್ನು ನೋಡಲೆಂದೇ ಅಳತೆ ಕೋಲಿನ ತುದಿಗೆ ಒಂದು ಪೇಸ್ಟ್ ಹಚ್ಚಿ ಇಳಿಸುತ್ತಾರೆ. ನೀರು ತಾಗಿದ ಕಡೆ ಪೇಸ್ಟಿನ ಬಣ್ಣ ಬದಲಾಗುತ್ತದೆ.

ನಾಲ್ಕು, ಮನೆಯ ಡ್ರಮ್ಮು. ಹಳ್ಳಿಯಲ್ಲಿ ಟಿಲ್ಲರ್‌ಗೆ, ಟ್ರಾಕ್ಟರ್‌ಗೆ ಅಂತ ಡೀಸೆಲ್ ತಂದು 200 ಲೀಟರಿನ ಡ್ರಮ್ಮಿನಲ್ಲಿ ಇಟ್ಟಿರುತ್ತಾರೆ. ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿನಿಂದ ಹೊರಹೋಗುತ್ತೆ. ರಾತ್ರಿ ತಣ್ಣಗಾದಾಗ ಒಳಕ್ಕೆ ಎಳೆಯುತ್ತೆ. ಆಗ ಗಾಳಿಯ ಬದಲು ಮೇಲೆ ನಿಂತ ನೀರನ್ನೇ ಹೀರುತ್ತೆ. ಬಿರಡೆ ಬಿಗಿಯಾಗಿದೆ ಅಂತ ನಾವು ನಿಶ್ಚಿಂತೆಯಿಂದ ಮಲಗಿರುತ್ತೇವೆ!

ಐದು, ಅದಲು ಬದಲು. 2020ರ ಏಪ್ರಿಲ್ 1 ರಿಂದ ಬಂದ ಭಾರತ್ ಸ್ಟೇಜ್ 6 ಲಾರಿಗಳಲ್ಲಿ ನೀಲಿ ಮುಚ್ಚಳದ ಇನ್ನೊಂದು ಚಿಕ್ಕ ಟ್ಯಾಂಕು ಇರುತ್ತೆ. ಅದಕ್ಕೆ ಹಾಕೋದು ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣ. ಅದರಲ್ಲಿ ಯೂರಿಯಾ ನೂರಕ್ಕೆ 32.5 ಭಾಗ, ಉಳಿದದ್ದೆಲ್ಲ ನೀರು. ಕತ್ತಲಲ್ಲಿ ಯಾರಾದರೂ ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಕೀಲಿಯನ್ನೇ ತಿರುಗಿಸಬಾರದು. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ ತೊಳೆಸಬೇಕು.

ಆರು, ಡೀಸೆಲ್ಲೇ ಹೊತ್ತು ತರುವ ತೇವ. ಭಾರತ್ ಸ್ಟೇಜ್ 6 ಡೀಸೆಲ್‌ನಲ್ಲಿ ಕಿಲೋಗೆ 200 ಮಿಲಿಗ್ರಾಂವರೆಗೆ ನೀರು ಇರಬಹುದು ಎಂದು ಮಾನದಂಡವೇ ಒಪ್ಪುತ್ತದೆ. ಹೊಂಗೆ ಮುಂತಾದ ಎಣ್ಣೆಯಿಂದ ಮಾಡಿದ ಜೈವಿಕ ಡೀಸೆಲ್ ಮಾಮೂಲಿ ಡೀಸೆಲ್‌ಗಿಂತ ಹೆಚ್ಚು ತೇವ ಹಿಡಿಯುತ್ತದೆ. ನಮ್ಮ ಹಾಸನದ ಮಡೆನೂರಿನಲ್ಲೇ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನ ಇರುವುದರಿಂದ ಹೊಂಗೆ ಎಣ್ಣೆಯ ಡೀಸೆಲ್ ನಮಗೆ ಹೊಸದಲ್ಲ. ಅದು ಒಳ್ಳೆಯದೇ, ಆದರೆ ತೇವವಿಲ್ಲದ ಜಾಗದಲ್ಲಿ ಇಡಬೇಕು.

ಒಂದು ಚಿಕ್ಕ ಲೆಕ್ಕ

"ಚಳಿಗೆ ಬೆವರು ಕಟ್ಟಿದೆ, ಅಷ್ಟೇ" ಅಂತ ತುಂಬ ಜನ ಸುಮ್ಮನಾಗುತ್ತಾರೆ. ನಿಜವೇ? ಲೆಕ್ಕ ಹಾಕೋಣ.

30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಅತಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತದೆ. 15 ಡಿಗ್ರಿಯಲ್ಲಿ ಸುಮಾರು 13 ಗ್ರಾಂ. ವ್ಯತ್ಯಾಸ 17 ಗ್ರಾಂ. ಟ್ಯಾಂಕಿನಲ್ಲಿ 200 ಲೀಟರ್ ಜಾಗ ಖಾಲಿ ಇದೆ ಎನ್ನಿ. ಅದು ಘನ ಮೀಟರಿನ ಐದನೇ ಒಂದು ಭಾಗ. 17 ನ್ನು 5 ರಿಂದ ಭಾಗಿಸಿದರೆ 3.4 ಗ್ರಾಂ. ಅಂದರೆ 3.4 ಮಿಲಿಲೀಟರ್. ಒಂದು ಟೀ ಚಮಚೆಯೂ ತುಂಬದು! ಅರಸೀಕೆರೆಯ ಹಗಲ ಗಾಳಿ ಅಷ್ಟು ತೇವವೂ ಇರುವುದಿಲ್ಲ, ಹಾಗಾಗಿ ನಿಜವಾಗಿ ಇನ್ನೂ ಕಡಿಮೆ.

ಇನ್ನು ಡೀಸೆಲ್ ಹೊತ್ತು ತರುವ ತೇವ. 200 ಲೀಟರ್ ಡೀಸೆಲ್ ಎಂದರೆ 166 ಕಿಲೋ. ಕಿಲೋಗೆ 200 ಮಿಲಿಗ್ರಾಂ ಪೂರ್ತಿ ಇದ್ದರೂ ಸುಮಾರು 33 ಗ್ರಾಂ. ಅದರಲ್ಲೂ ಬಹುಪಾಲು ಡೀಸೆಲ್‌ನಲ್ಲಿ ಕರಗಿಯೇ ಇದ್ದು ಎಂಜಿನ್ ಮೂಲಕ ಆವಿಯಾಗಿ ಹೋಗುತ್ತೆ.

ಈ ಲೆಕ್ಕದಿಂದ ತಿಳಿಯೋದೇನು? ವಾರಕ್ಕೆ ಒಂದೆರಡು ಚಮಚೆ ನೀರು ಸಹಜ. ಎರಡು ಮೂರು ದಿನಕ್ಕೊಂದು ಲೋಟ ನೀರು ಬಂದರೆ ಅದು ಬೆವರಲ್ಲ. ಹೊರಗಿನಿಂದ ನುಗ್ಗುತ್ತಿದೆ. ದಾರಿ ಹುಡುಕಲೇಬೇಕು.

ಟ್ಯಾಂಕು ಕೆರೆ, ಫಿಲ್ಟರು ಲೋಟ

ಬಟ್ಟಲು ಖಾಲಿ ಮಾಡಿದರೂ ದೀಪ ಯಾಕೆ ಮರಳಿ ಹೊತ್ತುತ್ತೆ? ಹಳೇಬೀಡಿನ ದೋರಸಮುದ್ರ ಕೆರೆಯನ್ನು ನೆನೆಯಿರಿ. ಕೆರೆಯ ತಳದಲ್ಲಿ ಹೂಳು ಎಷ್ಟಿದೆ ಅನ್ನೋದು ತೂಬಿನ ಮಟ್ಟಕ್ಕೆ ಏರುವವರೆಗೆ ಯಾರಿಗೂ ಕಾಣದು. ಟ್ಯಾಂಕಿನಲ್ಲೂ ಡೀಸೆಲ್ ಎಳೆಯುವ ಕೊಳವೆ ತಳಕ್ಕೆ ಮುಟ್ಟಿರುವುದಿಲ್ಲ, ಸ್ವಲ್ಪ ಮೇಲಿರುತ್ತದೆ. ಅದರ ಕೆಳಗೆ ಲೀಟರುಗಟ್ಟಲೆ ನೀರು ಸುಮ್ಮನೆ ಕೂತಿರಬಹುದು. ಅರಸೀಕೆರೆಯ ಬಯಲು ರಸ್ತೆಯಲ್ಲಿ ಅದು ಅಲುಗಾಡದು. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಲಾರಿ ಮುಂದಕ್ಕೆ ಬಾಗಿ, ತಿರುವಿನಲ್ಲಿ ವಾಲಿದಾಗ ನೀರು ಕೊಳವೆಯ ಬಾಯಿಗೆ ಬರುತ್ತೆ. ದೀಪ ಹೊತ್ತುತ್ತೆ. ಡ್ರೈವರ್ ಬಟ್ಟಲು ಖಾಲಿ ಮಾಡುತ್ತಾನೆ. ಅಂದರೆ ಕೆರೆಯನ್ನು ಬಿಟ್ಟು ಲೋಟ ಖಾಲಿ ಮಾಡಿದ ಹಾಗೆ.

ಆದ್ದರಿಂದ ಇಳಿಜಾರಿನಲ್ಲಿ, ತಿರುವಿನಲ್ಲಿ, ಡೀಸೆಲ್ ಕಡಿಮೆಯಾದಾಗ ಮಾತ್ರ ದೀಪ ಹೊತ್ತುವುದಾದರೆ ಮೊದಲು ಟ್ಯಾಂಕಿನ ತಳದ ಬಿರಡೆ ಬಿಚ್ಚಿಸಿ ನೋಡಿಸಬೇಕು.

ಪತ್ತೆ ಹಚ್ಚುವ ಕ್ರಮ

1. ರಾತ್ರಿ ಸಮತಟ್ಟು ಜಾಗದಲ್ಲಿ ಲಾರಿ ನಿಲ್ಲಿಸಿ. ಬೆಳಗ್ಗೆ ಎಂಜಿನ್ ಹಚ್ಚುವ ಮೊದಲು ನೀರು ಬಿಡಿ. ರಾತ್ರಿಯೆಲ್ಲ ನಿಂತರೆ ನೀರು ಚೆನ್ನಾಗಿ ಕೆಳಗಿಳಿದಿರುತ್ತೆ.

2. ನೆಲಕ್ಕೆ ಬಿಡಬೇಡಿ. ಗೆರೆ ಹಾಕಿದ ಪಾರದರ್ಶಕ ಬಾಟಲಿಗೆ ಹಿಡಿಯಿರಿ. ಶುದ್ಧ ಡೀಸೆಲ್ ಬರುವವರೆಗೆ ಬಿಟ್ಟು, ತಿರುಪು ಬಿಗಿದು, ಕೈ ಪಂಪು ಒತ್ತಿ ಗಾಳಿ ತೆಗೆಯಿರಿ.

3. ಬಾಟಲಿಯನ್ನು ಅರ್ಧ ಗಂಟೆ ನಿಲ್ಲಿಸಿ ನೋಡಿ.
ಕೆಳಗೆ ತಿಳಿ ನೀರು, ನಡುವೆ ಸ್ಪಷ್ಟ ಗೆರೆ ಇದ್ದರೆ: ನೀರು ನಿಜ. ಅಳೆಯಿರಿ.
ಬರೀ ಡೀಸೆಲ್, ಆದರೂ ದೀಪ ಆರದು: ನೀರಿನ ತೊಂದರೆಯಲ್ಲ. ಸೆನ್ಸರ್, ಅದರ ವೈರು, ಅಥವಾ ಜೋಡಣೆಯಲ್ಲಿ ಹಸಿರು ಕಿಲುಬು ಇರಬೇಕು. ಮೀಟರ್ ಹಿಡಿದು ನೋಡಬಲ್ಲ ಎಲೆಕ್ಟ್ರಿಷಿಯನ್‌ಗೆ ತೋರಿಸಿ.
ಹಾಲಿನಂತೆ ಬೆಳ್ಳಗಿದ್ದರೆ: ನೀರು ಸಣ್ಣ ಹನಿಯಾಗಿ ಡೀಸೆಲ್‌ನಲ್ಲಿ ಬೆರೆತಿದೆ. ಬಟ್ಟಲಿಗೆ ಸುಲಭವಾಗಿ ಇಳಿಯದು. ಟ್ಯಾಂಕ್ ಖಾಲಿ ಮಾಡಿಸುವುದೇ ಲೇಸು.
ಕಪ್ಪು ಲೋಳೆ ಬಂದರೆ: ನೀರೂ ಡೀಸೆಲೂ ಸೇರುವ ಗೆರೆಯಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ಬೆಳೆದಿವೆ. ಹೌದು, ಡೀಸೆಲನ್ನು ತಿಂದು ಬದುಕುವ ಜೀವಿಗಳಿವೆ! ಅವಕ್ಕೆ ನೀರು ಬೇಕೇ ಬೇಕು. ಫಿಲ್ಟರ್ ಮಾತ್ರ ಬದಲಿಸಿದರೆ ವಾರದಲ್ಲಿ ಮತ್ತೆ ಕಟ್ಟುತ್ತೆ. ಟ್ಯಾಂಕ್ ತೊಳೆಸಬೇಕು.

4. ಒಂದು ನೋಟ್ ಪುಸ್ತಕದಲ್ಲಿ ದಿನ, ಎಲ್ಲಿ ಡೀಸೆಲ್ ಹಾಕಿಸಿದ್ದು, ಎಷ್ಟು, ಮಳೆ ಇತ್ತೇ, ಲಾರಿ ತೊಳೆಸಿದ್ದೇ, ಎಷ್ಟು ಮಿಲಿಲೀಟರ್ ನೀರು ಬಂತು ಎಂದು ಬರೆಯಿರಿ.

5. ಒಂದು ಸಲಕ್ಕೆ ಒಂದೇ ಬದಲಾವಣೆ. ಮುಚ್ಚಳ, ಫಿಲ್ಟರ್, ಸೆನ್ಸರ್, ಬಂಕು ಎಲ್ಲ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗೋದಿಲ್ಲ. ಇದು ನಾವು ವಿಜ್ಞಾನದ ಪುಸ್ತಕದಲ್ಲಿ ಓದುವ ಪ್ರಯೋಗದ ನಿಯಮವೇ.

ಈ ಪುಸ್ತಕ ಓದಿ, ಉತ್ತರ ಹೇಳಿ

ಅಭ್ಯಾಸಕ್ಕಾಗಿ ಒಂದು ಕಾಲ್ಪನಿಕ ಲಾರಿಯ ಲೆಕ್ಕ ಕೊಟ್ಟಿದೆ. ಮೇಲಿನ ಉತ್ತರ ಓದುವ ಮೊದಲು ನೀವೇ ಯೋಚಿಸಬೇಕು ಅಂತ ತೀರ್ಮಾನವನ್ನು ಕೆಳಗೆ ಬರೆದಿದೆ.

ಸೋಮವಾರ: ಮೊದಲನೇ ಬಂಕು, 150 ಲೀಟರ್. ಮಳೆ ಇಲ್ಲ. ಬಂದ ನೀರು 10 ಮಿಲಿಲೀಟರ್.
ಗುರುವಾರ: ಅದೇ ಬಂಕು, 120 ಲೀಟರ್. ಮಳೆ ಇಲ್ಲ. ನೀರು 10 ಮಿಲಿಲೀಟರ್.
ಶನಿವಾರ: ಡೀಸೆಲ್ ಹಾಕಿಸಿಲ್ಲ. ರಾತ್ರಿಯಿಡೀ ಬೇಲೂರಿನಲ್ಲಿ ಮಳೆಯಲ್ಲಿ ನಿಂತಿತ್ತು. ನೀರು 180 ಮಿಲಿಲೀಟರ್.
ಮಂಗಳವಾರ: ಎರಡನೇ ಬಂಕು, 100 ಲೀಟರ್. ಮಳೆ ಇಲ್ಲ. ನೀರು 15 ಮಿಲಿಲೀಟರ್.
ಶುಕ್ರವಾರ: ಡೀಸೆಲ್ ಹಾಕಿಸಿಲ್ಲ. ಪೈಪ್ ಹಿಡಿದು ಲಾರಿ ತೊಳೆದರು. ನೀರು 150 ಮಿಲಿಲೀಟರ್.

ನೋಡಿ, ಡೀಸೆಲ್ ಹಾಕಿಸಿದ ದಿನಗಳಲ್ಲಿ ನೀರು ಸ್ವಲ್ಪವೇ. ಹಾಕಿಸದ ದಿನಗಳಲ್ಲಿ ಜಾಸ್ತಿ! ಎರಡು ಬಂಕಿನವರ ಮೇಲೂ ತಪ್ಪಿಲ್ಲ. ಮೇಲಿನಿಂದ ನೀರು ಬಿದ್ದಾಗಲೆಲ್ಲ ಒಳಗೂ ನೀರು. ಮುಚ್ಚಳದ ರಬ್ಬರು, ಗಾಳಿ ಕೊಳವೆ, ಟ್ಯಾಂಕಿನ ಮೇಲಿನ ವಾಷರು ಇವನ್ನು ಒಂದೊಂದಾಗಿ ನೋಡಬೇಕು. ರಬ್ಬರಿನ ಬೆಲೆ ಅತ್ಯಲ್ಪ.

ಪುಸ್ತಕ ಬರೆಯದಿದ್ದರೆ ಏನಾಗುತ್ತಿತ್ತು? ಬಂಕಿನವನ ಜೊತೆ ಜಗಳ, ಸೆನ್ಸರ್ ಬದಲಾವಣೆ, ಫಿಲ್ಟರ್ ಬದಲಾವಣೆ, ಕೊನೆಗೂ ದೀಪ ಮಾತ್ರ ಹಾಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನೋ ಗಾದೆ ಇಂಥ ಕಡೆಗೇ ಹುಟ್ಟಿರಬೇಕು.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗ

ಡೀಸೆಲ್ ಬೇಡ, ಬೆಂಕಿಯ ಅಪಾಯ. ಕಡಲೆಕಾಯಿ ಎಣ್ಣೆ ಸಾಕು.

ಬೇಕಾದ ಸಾಮಾನು: ಗಾಜಿನ ಲೋಟ, ಎಣ್ಣೆ, ನೀರು, ಚಿಟಿಕೆ ಉಪ್ಪು, ಎರಡು ಮೊಳೆ, ಎರಡು ಟಾರ್ಚ್ ಸೆಲ್, ಒಂದು ಕೆಂಪು ಎಲ್‌ಇಡಿ ದೀಪ, ವೈರು.

ಎರಡು ಸೆಲ್ ಒಂದರ ಹಿಂದೊಂದು ಜೋಡಿಸಿ, ಎಲ್‌ಇಡಿ ಮತ್ತು ಎರಡು ಮೊಳೆ ಸೇರಿಸಿ ಮಂಡಲ ಮಾಡಿ. ಮೊಳೆಗಳು ಒಂದಕ್ಕೊಂದು ತಾಗದಂತೆ ಹತ್ತಿರ ಇರಲಿ. ಎಣ್ಣೆಯಲ್ಲಿ ಅದ್ದಿದರೆ ದೀಪ ಹೊತ್ತದು. ಈಗ ಎಣ್ಣೆಗೆ ಉಪ್ಪುನೀರು ಸುರಿಯಿರಿ. ನೀರು ತಳಕ್ಕಿಳಿದು, ಮಟ್ಟ ಏರಿ, ಎರಡೂ ಮೊಳೆಗಳನ್ನು ಮುಟ್ಟಿದಾಗ ದೀಪ ಹೊತ್ತುತ್ತೆ. ಹೊತ್ತದಿದ್ದರೆ ಎಲ್‌ಇಡಿಯ ಕಾಲುಗಳನ್ನು ತಿರುಗಿಸಿ ಜೋಡಿಸಿ. ಲಾರಿಯ ಸೆನ್ಸರ್ ಕೆಲಸವೂ ಇದೇ.

ಇನ್ನೊಂದು ಬಾಟಲಿಯಲ್ಲಿ ಎಣ್ಣೆ, ನೀರು, ಒಂದು ಹನಿ ಸೋಪು ಹಾಕಿ ಕುಲುಕಿ. ಬೆಳ್ಳಗಾಗಿ ಬಹಳ ಹೊತ್ತು ಬೇರೆಯಾಗುವುದಿಲ್ಲ. ಹಾಲಿನಂಥ ಡೀಸೆಲ್ ಯಾಕೆ ಕಷ್ಟ ಅಂತ ಆಗ ಅರ್ಥವಾಗುತ್ತೆ.

ಮನೆಯಲ್ಲಿ ಹೇಳಬೇಕಾದ ಮಾತುಗಳು

ದೀಪದ ಕಾಟ ತಡೆಯಲಾರದೆ ಕೆಲವರು ಸೆನ್ಸರಿನ ವೈರನ್ನೇ ಕತ್ತರಿಸುತ್ತಾರೆ. ದೀಪ ಆರುತ್ತೆ, ನೀರು ಅಲ್ಲೇ ಇರುತ್ತೆ. ನಾಯಿ ಬೊಗಳುತ್ತದೆ ಅಂತ ನಾಯಿಯನ್ನು ಓಡಿಸಿ ಕಳ್ಳನಿಗೆ ಬಾಗಿಲು ತೆರೆದಂತೆ.

ಸಂಜೆ ಟ್ಯಾಂಕ್ ತುಂಬಿಸಿ ನಿಲ್ಲಿಸಿದರೆ ಬೆವರು ಕಡಿಮೆ. ಬಂಕಿಗೆ ಟ್ಯಾಂಕರ್ ಬಂದು ಡೀಸೆಲ್ ಇಳಿಸುತ್ತಿರುವಾಗ ತಳದ ನೀರು, ಕೊಳೆ ಕದಡಿರುತ್ತದೆ, ಸ್ವಲ್ಪ ತಡೆದು ಹಾಕಿಸಿ.

ಡ್ರಮ್ಮನ್ನು ಸೂರಿನಡಿ ಇಡಿ. ಜಾಗ ಇಲ್ಲದಿದ್ದರೆ ಅಡ್ಡ ಮಲಗಿಸಿ, ಎರಡೂ ಬಿರಡೆ ಎಡಕ್ಕೊಂದು ಬಲಕ್ಕೊಂದು ಒಂದೇ ಮಟ್ಟದಲ್ಲಿರಲಿ. ತುಂಬಿದ ಡ್ರಮ್ಮಿನಲ್ಲಿ ಆಗ ಬಿರಡೆಯ ಒಳಗೆ ಡೀಸೆಲ್ ಇರುವುದರಿಂದ ನೀರು ಹೀರದು. ನಿಲ್ಲಿಸಲೇಬೇಕಾದರೆ ತಲೆಯ ಮೇಲೆ ನೀರು ನಿಲ್ಲದಂತೆ ಕೆಳಗೊಂದು ಕಲ್ಲಿಟ್ಟು ವಾಲಿಸಿ, ಬಿರಡೆ ಎತ್ತರದ ಬದಿಗಿರಲಿ.

ಬಾಟಲಿಗೆ ಹಿಡಿದ ನೀರು ಬರೀ ನೀರಲ್ಲ, ಅದರಲ್ಲಿ ಡೀಸೆಲ್ ಇದೆ. ಚರಂಡಿಗೆ, ಕೆರೆ ಏರಿಗೆ ಚೆಲ್ಲಬೇಡಿ. ಡಬ್ಬಿಯಲ್ಲಿ ಕೂಡಿಟ್ಟು ಹಳೇ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಈ ಕೆಲಸವೆಲ್ಲ ದೊಡ್ಡವರೇ ಮಾಡಲಿ. ನಮ್ಮ ಪಾಲಿನ ಕೆಲಸ ಪುಸ್ತಕ ಬರೆಯೋದು, ಲೆಕ್ಕ ನೋಡೋದು. ಅಕ್ಷರ ಬಾರದ ಅಪ್ಪನಿಗೋ ಮಾವನಿಗೋ ಅದೇ ದೊಡ್ಡ ಸಹಾಯ.

ಪ್ರಶ್ನೆಗಳು

1. ಖಾಲಿ ಜಾಗ 100 ಲೀಟರ್ ಇದ್ದರೆ ಒಂದು ರಾತ್ರಿಗೆ ಅತಿ ಹೆಚ್ಚೆಂದರೆ ಎಷ್ಟು ಬೆವರು ಕಟ್ಟಬಹುದು?
2. ಬಾಟಲಿಯಲ್ಲಿ ನೀರಿಲ್ಲ, ದೀಪ ಮಾತ್ರ ಹೊತ್ತಿದೆ. ಎಲ್ಲಿ ಹುಡುಕುತ್ತೀರಿ?
3. ಬಯಲಲ್ಲಿ ಹೊತ್ತದ ದೀಪ ಘಾಟಿಯಲ್ಲಿ ಹೊತ್ತುವುದೇಕೆ? ಚಿತ್ರ ಬರೆದು ವಿವರಿಸಿ.
4. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಡೀಸೆಲ್ ಡ್ರಮ್ಮು ಹೇಗೆ ಇಟ್ಟಿದ್ದಾರೆ? ನೋಡಿ ಬರೆಯಿರಿ.

ಉತ್ತರಗಳನ್ನು ಹೆಸರು, ತರಗತಿ ಬರೆದು ಗೋಡೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ನಾಲ್ಕನೇ ಪ್ರಶ್ನೆಯ ಒಳ್ಳೆಯ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಚಿತ್ರದೊಂದಿಗೆ ಅಂಟಿಸುತ್ತೇವೆ.